ಗೇಮ್ ನಿಜದ ಥರ ಕಾಣಬೇಕಾ, ನಿಜದ ಥರ ನಡೆಯಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಗೆ ತಿರುಗಿದರೆ ಒಂದು ಕಟ್ಟಡದ ಮೊದಲನೇ ಮಹಡಿಯಲ್ಲಿ ನನ್ನ ಪುಟ್ಟ ಗೇಮಿಂಗ್ ಸೆಂಟರ್ ಇದೆ. ಆರು ಕಂಪ್ಯೂಟರ್, ಎರಡು ಪ್ಲೇಸ್ಟೇಷನ್, ಒಂದು ಸ್ಟೇರಿಂಗ್ ವೀಲ್. ಸಂಜೆ ಕಾಲೇಜು ಬಿಟ್ಟ ಹುಡುಗರು ಬರುತ್ತಾರೆ, ಕತ್ತಲಾದ ಮೇಲೆ ಅವರನ್ನು ಹುಡುಕಿಕೊಂಡು ಅಪ್ಪಂದಿರು ಬರುತ್ತಾರೆ. ಹುಡುಗರು ಕೇಳುವುದು ಗ್ರಾಫಿಕ್ಸ್ ಬಗ್ಗೆ. ಅಪ್ಪಂದಿರು ಕೇಳುವುದು ಅದರ ಖರ್ಚಿನ ಬಗ್ಗೆ. ಹೇಳಿದ್ದನ್ನೇ ಹೇಳಿ ಸಾಕಾಗಿ, ಒಂದು ಕಡೆ ಬರೆದಿಟ್ಟಿದ್ದೇನೆ.

ಅಣ್ಣಾ, ಗ್ರಾಫಿಕ್ಸ್ ಸೂಪರ್ ಆಗಿದ್ರೆ ತಾನೇ ಗೇಮ್ ಒಳಗೆ ಮುಳುಗಿಹೋಗೋದು?

ಮೊದಲ ಅರ್ಧ ಗಂಟೆ, ಹೌದು. ಹೊಸ ಗೇಮ್ ಹಾಕಿದ ದಿನ ಹುಡುಗರು ಆಡುವುದೇ ಇಲ್ಲ, ನಿಂತು ನೋಡುತ್ತಾರೆ. ಎಲೆ ನೋಡೋ, ನೀರು ನೋಡೋ, ಜಾಕೆಟ್ ಹೊಲಿಗೆ ನೋಡೋ ಅಂತ ಪಕ್ಕದವನನ್ನು ಕರೆಯುತ್ತಾರೆ. ಮಾರನೇ ದಿನ ಆ ಎಲೆಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಕಣ್ಣು ಬೇಗ ಒಗ್ಗಿಕೊಳ್ಳುತ್ತದೆ. ಕೈ ಒಗ್ಗಿಕೊಳ್ಳುವುದಿಲ್ಲ. ಗುಂಡು ಹೊಡೆದರೂ ಗಾಜು ಒಡೆಯಲಿಲ್ಲ ಅಂದರೆ ನೂರನೇ ಸಲಕ್ಕೂ ಕಿರಿಕಿರಿಯೇ.

ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ತುಮಕೂರು ಸುತ್ತಮುತ್ತಲ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಹುಚ್ಚು ಇನ್ನೂ ಇಳಿದಿಲ್ಲ. ಇಲ್ಲಿಂದ ಇಪ್ಪತ್ತು ಕಿಲೋಮೀಟರ್ ದೂರದ ಗುಬ್ಬಿಯಲ್ಲಿ 1884ರಲ್ಲಿ ಶುರುವಾದ ನಾಟಕ ಕಂಪನಿ, ವೀರಣ್ಣನವರ ಕಾಲದಲ್ಲಿ ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿತ್ತು. ಗೇಮ್‌ನಲ್ಲಿ ಗ್ರಾಫಿಕ್ಸ್ ಪೂರ್ತಿ ಏರಿಸಿಡೋದಕ್ಕೆ ಅಲ್ಟ್ರಾ ಸೆಟ್ಟಿಂಗ್ಸ್ ಅಂತಾರೆ; ಅದು ಆ ಕಾಲದ ಅಲ್ಟ್ರಾ ಅಂದುಕೊಳ್ಳಿ. ನಮ್ಮೂರಿನ ನಾಟಕಕ್ಕೆ ಆನೆ ಎಲ್ಲಿಂದ ಬರಬೇಕು? ಭೀಮನ ಗದೆಗೆ ಒಳಗೆ ಥರ್ಮಾಕೋಲ್, ಹೊರಗೆ ಹೊಳೆಯುವ ಪೇಪರ್. ಆದರೆ ಭೀಮನ ಪಾತ್ರದವರು ಅದನ್ನು ಎತ್ತುವಾಗ ಮೊಣಕಾಲು ಬಗ್ಗಿಸುತ್ತಿದ್ದರು. ಹೆಗಲಿಗೆ ಏರಿಸಿದಾಗ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನೆಲಕ್ಕೆ ಕುಟ್ಟಿದ ಕ್ಷಣಕ್ಕೆ ಸರಿಯಾಗಿ ತಬಲಾದವರು ಧಡ್ ಅಂತ ಒಂದು ಪೆಟ್ಟು ಕೊಡುತ್ತಿದ್ದರು. ಮುಂದೆ ಚಾಪೆ ಮೇಲೆ ಕೂತ ನಾವೆಲ್ಲ ಹಿಂದಕ್ಕೆ ಜರುಗುತ್ತಿದ್ದೆವು. ಒಂದು ವರ್ಷ ಗದಾಯುದ್ಧ ಜೋರಾಗಿ ಗದೆ ಕೈಜಾರಿತು. ಬಿದ್ದದ್ದು ಸದ್ದೇ ಮಾಡಲಿಲ್ಲ, ಗಾಳಿಗೆ ಉರುಳಿಕೊಂಡು ಹಾರ್ಮೋನಿಯಂ ಹತ್ತಿರ ಹೋಯಿತು. ಬೆಳಗಿನ ಜಾವದವರೆಗೂ ಜನ ನಕ್ಕರು. ನೋಡೋಕೆ ಆ ಗದೆ ಮೊದಲೂ ಹಾಗೇ ಇತ್ತಲ್ವಾ? ತೂಕ ಇಲ್ಲ ಅಂತ ಗೊತ್ತಾಗಿದ್ದೇ ಎಡವಟ್ಟಾಯಿತು.

ಗ್ರಾಫಿಕ್ಸ್ ಅನ್ನೋದು ಗೇಮ್ ನಮ್ಮ ಕಣ್ಣಿಗೆ ಕೊಡುವ ಮಾತು. ಫಿಸಿಕ್ಸ್ ಆ ಮಾತನ್ನು ಉಳಿಸಿಕೊಳ್ಳಬೇಕು. ಕೆಳಗೆ ನಾನು ಹೇಳುವುದೆಲ್ಲ ಹೆಚ್ಚುಕಮ್ಮಿ ಇದರ ಸುತ್ತವೇ ಇದೆ.

ಗೇಮ್‌ನಲ್ಲಿ ಫಿಸಿಕ್ಸ್ ಅಂದ್ರೆ ಏನು? ನಮ್ಮ ಪಿಯುಸಿ ಫಿಸಿಕ್ಸಾ?

ಅದೇ. ವೇಗ, ತೂಕ, ಘರ್ಷಣೆ, ಭೂಮಿಯ ಸೆಳೆತ. ಗೇಮ್ ಕಾಲವನ್ನು ಸಣ್ಣ ಸಣ್ಣ ಚೂರು ಮಾಡಿಕೊಳ್ಳುತ್ತದೆ. ಪ್ರತಿ ಚೂರಿನಲ್ಲೂ ಯಾವ ವಸ್ತು ಎಲ್ಲಿಗೆ ಬಂತು, ಯಾವುದಕ್ಕೆ ಯಾವುದು ತಾಗಿತು, ತಾಗಿದ ಮೇಲೆ ಯಾವ ಕಡೆ ಹೋಗಬೇಕು ಅಂತ ಲೆಕ್ಕ ಹಾಕುತ್ತದೆ. ಸೆಕೆಂಡಿಗೆ ಐವತ್ತು ಅರವತ್ತು ಸಲ. ಸಮಯ ಕಡಿಮೆ ಇರೋದರಿಂದ ಕಳ್ಳಾಟವೂ ಇದೆ. ಕಣ್ಣಿಗೆ ಕೆತ್ತನೆ ಕುರ್ಚಿ ಕಂಡರೂ ಲೆಕ್ಕದ ಪಾಲಿಗೆ ಅದು ಬರೀ ಎರಡು ಮೂರು ಡಬ್ಬ. ಗೋಡೆ ಮೂಲೆಯಲ್ಲಿ ಗುಂಡು ಗಾಳಿಗೇ ತಾಗಿ ನಿಂತಂತೆ ಅನ್ನಿಸುತ್ತದಲ್ಲ, ಅದು ಈ ಡಬ್ಬದ ಮಹಿಮೆ.

ಇದು ಹೊಸದಲ್ಲ. 1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ಮಾಡಿದ ಸ್ಪೇಸ್‌ವಾರ್‌ನಲ್ಲೇ ಮಧ್ಯದ ನಕ್ಷತ್ರ ಎರಡು ರಾಕೆಟ್‌ಗಳನ್ನು ತನ್ನ ಕಡೆ ಎಳೆಯುತ್ತಿತ್ತು. ಆದರೆ ಫಿಸಿಕ್ಸ್ ಅಂದರೆ ಆಟವೇ ಅಂತ ನಮ್ಮ ತಲೆಮಾರಿಗೆ ತೋರಿಸಿದ್ದು 2004ರ ಹಾಫ್ ಲೈಫ್ 2. ಡಬ್ಲಿನ್‌ನ ಹ್ಯಾವಕ್ ಕಂಪನಿಯ ಫಿಸಿಕ್ಸ್ ಎಂಜಿನ್, ಅಂದರೆ ಈ ಲೆಕ್ಕವನ್ನೆಲ್ಲ ಹಾಕುವ ಸಾಫ್ಟ್‌ವೇರ್, ಅದರೊಳಗೆ ಕೂತಿತ್ತು. ಶುರುವಿನಲ್ಲೇ ರೈಲ್ವೆ ಸ್ಟೇಷನ್. ಒಬ್ಬ ಪೊಲೀಸಿನವ ಬೇಕಂತಲೇ ಒಂದು ಖಾಲಿ ಕ್ಯಾನ್ ಕೆಳಗೆ ಬೀಳಿಸಿ, ಎತ್ತಿ ಕಸದ ಡಬ್ಬಿಗೆ ಹಾಕು ಅನ್ನುತ್ತಾನೆ. ಎತ್ತಿಕೊಂಡರೆ ಕ್ಯಾನ್ ಕೈಯಲ್ಲಿ ತೂಗುತ್ತದೆ, ಗೋಡೆಗೆ ತಾಗಿದರೆ ಓರೆಯಾಗುತ್ತದೆ. ಡಬ್ಬಿಗೆ ಹಾಕಬಹುದು. ಅಥವಾ ಅವನ ಮುಖಕ್ಕೇ ಎಸೆಯಬಹುದು! ನಾನು ನೋಡಿದಂತೆ ಹತ್ತರಲ್ಲಿ ಒಂಬತ್ತು ಜನ ಎಸೆಯುತ್ತಾರೆ, ಅವನು ಲಾಠಿ ಹಿಡಿದು ಅಟ್ಟಿಸಿಕೊಂಡು ಬರುತ್ತಾನೆ. ಒಂದು ತಗಡಿನ ಕ್ಯಾನ್‌ನಲ್ಲಿ ಎಲ್ಲ ಹೇಳಿ ಮುಗಿಯಿತು: ಇಲ್ಲಿ ವಸ್ತು ಎತ್ತಬಹುದು, ಎಸೆಯಬಹುದು, ಮತ್ತು ಈ ಊರಿನಲ್ಲಿ ನಿನಗೆ ಮರ್ಯಾದೆ ಇಲ್ಲ. ಇವತ್ತಿನ ಲೆಕ್ಕದಲ್ಲಿ ಆ ಕ್ಯಾನ್‌ನ ಗ್ರಾಫಿಕ್ಸ್ ತೀರಾ ಸಾಧಾರಣ. ಆದರೂ ಹೊಸ ಹುಡುಗರನ್ನು ಅದರ ಮುಂದೆ ಕೂರಿಸಿದರೆ ಎದ್ದೇಳೋದಿಲ್ಲ.

ಹಾಗಾದ್ರೆ ಎಲ್ಲ ನಿಜವಾದ ಲೆಕ್ಕದಲ್ಲೇ ಇದ್ರೆ ಬೆಸ್ಟ್ ಅಲ್ವಾ?

ಅಲ್ಲ. ಲೆಕ್ಕ ಹಾಕಿ ನೋಡಿ. ಗೇಮ್‌ನ ಹೀರೋ ಎರಡು ಮೀಟರ್ ಎತ್ತರ ಹಾರುತ್ತಾನೆ ಅಂದುಕೊಳ್ಳಿ. ಭೂಮಿಯ ಸೆಳೆತ 9.8 ಅಂತಲೇ ಇಟ್ಟರೆ ಅವನು ಹಾರಿ ನೆಲ ಮುಟ್ಟೋಕೆ ಸುಮಾರು 1.3 ಸೆಕೆಂಡ್ ಬೇಕು. ಪರೀಕ್ಷೆಯಲ್ಲಿ ಪೂರ್ತಿ ಅಂಕ ಸಿಗುತ್ತದೆ. ಆದರೆ ಕಂಟ್ರೋಲರ್ ಹಿಡಿದವನಿಗೆ ಬಲೂನ್ ಆಡಿಸಿದ ಹಾಗಿರುತ್ತದೆ. ಅದಕ್ಕೇ ಎಷ್ಟೋ ಗೇಮ್‌ಗಳಲ್ಲಿ ಸೆಳೆತ ಜಾಸ್ತಿ ಇಡುತ್ತಾರೆ. ಹತ್ತುವುದಕ್ಕಿಂತ ಇಳಿಯುವಾಗ ಇನ್ನೂ ಜಾಸ್ತಿ.

1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಗಾಳಿಯಲ್ಲಿ ಇರುವಾಗಲೇ ದಿಕ್ಕು ಬದಲಿಸಬಹುದು. ಯಾವ ಮನುಷ್ಯನ ಕೈಲೂ ಆಗದ ಕೆಲಸ. ಈಗಿನ ಜಂಪಿಂಗ್ ಗೇಮ್‌ಗಳಲ್ಲಿ ಅಂಚು ದಾಟಿದ ಮೇಲೂ ಕಣ್ಣು ಮಿಟುಕಿಸುವಷ್ಟು ಹೊತ್ತು ಹಾರೋಕೆ ಅವಕಾಶ ಇರುತ್ತದೆ. ಇಲ್ಲದಿದ್ದರೆ ‘ನಾನು ಒತ್ತಿದ್ದೆ, ಗೇಮ್ ಕೇಳಲಿಲ್ಲ’ ಅಂತ ಬೈಗುಳ ಶುರು. ಇದನ್ನು ನಾನು ಮೋಸ ಅನ್ನೋದಿಲ್ಲ. ಕೈ ಏನು ಮಾಡೋಕೆ ಹೊರಟಿತ್ತೋ ಅದನ್ನು ಗೇಮ್ ಅರ್ಥ ಮಾಡಿಕೊಳ್ಳುತ್ತದೆ, ಅಷ್ಟೇ.

ಇನ್ನೊಂದು ಉದಾಹರಣೆ ನನಗೆ ತುಂಬಾ ಇಷ್ಟ. 1996ರ ಸೂಪರ್ ಮಾರಿಯೋ 64ರಲ್ಲಿ ಮಾರಿಯೋ ನೆರಳು ಸದಾ ನೇರ ಅವನ ಕಾಲ ಕೆಳಗೇ ಬೀಳುತ್ತದೆ, ಬಿಸಿಲು ಯಾವ ಕಡೆಯಿಂದಾದರೂ ಇರಲಿ. ತಪ್ಪು ನೆರಳು. ಆದರೆ ಅದನ್ನು ನೋಡಿಯೇ ನಾವು ಎಲ್ಲಿ ಇಳಿಯುತ್ತೇವೆ ಅಂತ ಅಂದಾಜು ಮಾಡುವುದು. ಬಿಸಿಲಿನ ಪ್ರಕಾರ ಅದನ್ನು ಪಕ್ಕಕ್ಕೆ ಸರಿಸಿದ್ದರೆ ಅರ್ಧ ಜನ ಹಳ್ಳಕ್ಕೆ ಬೀಳುತ್ತಿದ್ದರು.

ಮೈನ್‌ಕ್ರಾಫ್ಟ್‌ನಲ್ಲಿ ಮರದ ಬುಡ ಕಡಿದ್ರೂ ಮರ ಮೇಲೇ ನಿಂತಿರುತ್ತೆ. ಅದನ್ನ ನೋಡಿ ಯಾಕೆ ನಗು ಬರಲ್ಲ?

ಯಾಕೆಂದರೆ ಅದು ಎಲ್ಲ ಮರಕ್ಕೂ, ಎಲ್ಲ ದಿನವೂ ಒಂದೇ. ಮರಳು ಬೀಳುತ್ತದೆ, ಕಲ್ಲು ಬೀಳುವುದಿಲ್ಲ. ಆ ಜಗತ್ತಿನ ಕಾನೂನು ಅದು, ನೀವು ಅದನ್ನು ನಂಬಿ ಮನೆ ಕಟ್ಟುತ್ತೀರಿ. ಚೌಕ ಚೌಕವಾಗಿ ಕಾಣುವ ಜಗತ್ತು ಚೌಕ ಚೌಕವಾಗೇ ನಡೆಯುತ್ತದೆ. 2017ರ ಜೆಲ್ಡಾ, ಬ್ರೆತ್ ಆಫ್ ದ ವೈಲ್ಡ್ ಕೂಡ ಹಾಗೇ. ಬಣ್ಣದ ಚಿತ್ರದಂತಿದೆ, ಆದರೆ ಹುಲ್ಲಿಗೆ ಬೆಂಕಿ ಹಚ್ಚಿದರೆ ಬಿಸಿ ಗಾಳಿ ಮೇಲೇಳುತ್ತದೆ, ಅದನ್ನು ಹಿಡಿದು ನೀವೂ ಮೇಲೇರಬಹುದು. ಗುಡುಗು ಮಳೆಯಲ್ಲಿ ಕಬ್ಬಿಣದ ಕತ್ತಿ ಬೆನ್ನಿಗೆ ಕಟ್ಟಿಕೊಂಡು ಓಡಾಡಿದರೆ ಸಿಡಿಲು ನಿಮಗೇ. ಹೊಲದಲ್ಲಿ ಮಳೆಗೆ ಸಿಕ್ಕಿದಾಗ ಕೈಲಿದ್ದ ಗುದ್ದಲಿ ದೂರ ಎಸೆದು ಬಾ ಅಂತ ನಮ್ಮಜ್ಜಿ ಹೇಳುತ್ತಿದ್ದದ್ದು ಅದನ್ನೇ.

ರೇ ಟ್ರೇಸಿಂಗ್ ಆನ್ ಮಾಡಿದ್ರೆ ನಿಜವಾಗ್ಲೂ ವ್ಯತ್ಯಾಸ ಗೊತ್ತಾಗುತ್ತಾ?

ರೇ ಟ್ರೇಸಿಂಗ್ ಅಂದರೆ ಬೆಳಕು ಓಡಾಡುವ ದಾರಿಯನ್ನೇ ಲೆಕ್ಕ ಹಾಕಿ ಚಿತ್ರ ಬಿಡಿಸುವುದು. ವ್ಯತ್ಯಾಸ ತಿಳಿಯೋಕೆ ಸಂಜೆ ನಮ್ಮೂರ ಅಮಾನಿಕೆರೆ ಹತ್ತಿರ ಹೋಗಿ. ನೀರಿನಲ್ಲಿ ಆಚೆ ದಡದ ಮರ, ದೀಪ ಕಾಣುತ್ತವೆ. ಈಗ ಆ ಮರಗಳು ಕಾಣದ ಹಾಗೆ ಕಣ್ಣಿನ ಮುಂದೆ ಅಂಗೈ ಅಡ್ಡ ಹಿಡಿದು, ನೀರನ್ನು ಮಾತ್ರ ನೋಡಿ. ನೀರಿನೊಳಗಿನ ಮರ ಹಾಗೇ ಇದೆ, ಅಲ್ವಾ? ಇದರಲ್ಲೇನಿದೆ ಅನ್ನಬೇಡಿ. ಎಷ್ಟೋ ಗೇಮ್‌ಗಳಲ್ಲಿ ನೀರಿನ ಪ್ರತಿಬಿಂಬ ಸ್ಕ್ರೀನ್ ಮೇಲೆ ಆಗಲೇ ಇರುವ ಚಿತ್ರದಿಂದ ಕದ್ದದ್ದು. ಕ್ಯಾಮೆರಾ ಸ್ವಲ್ಪ ಕೆಳಗೆ ಬಗ್ಗಿಸಿ ಮರ ಸ್ಕ್ರೀನ್‌ನಿಂದ ಆಚೆ ಹೋದರೆ ನೀರಿನಲ್ಲಿರುವ ಮರವೂ ಒರೆಸಿಹೋಗುತ್ತದೆ. ಒಮ್ಮೆ ಇದು ಕಣ್ಣಿಗೆ ಬಿತ್ತೋ, ಆಮೇಲೆ ಪ್ರತಿ ಕೆರೆಯಲ್ಲೂ ಅದೇ ಕಾಣುತ್ತದೆ. ಹೇಳಿಕೊಟ್ಟಿದ್ದಕ್ಕೆ ಕ್ಷಮಿಸಿ.

ರೇ ಟ್ರೇಸಿಂಗ್‌ನಲ್ಲಿ ಕದಿಯುವ ಹಂಗಿಲ್ಲ. ಕಣ್ಣಿನಿಂದ ಹೊರಟ ಗೆರೆ ನೀರಿಗೆ ತಾಗಿ, ಅಲ್ಲಿಂದ ಚಿಮ್ಮಿ ಯಾವುದಕ್ಕೆ ತಾಗುತ್ತದೋ ಅದರ ಬಣ್ಣ ತರುತ್ತದೆ. ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಟರ್ನರ್ ವಿಟ್ಟೆಡ್ 1980ರಲ್ಲೇ ಇದರ ದಾರಿ ಬರೆದಿಟ್ಟಿದ್ದರು. ಆಗ ಒಂದು ಚಿತ್ರ ಮೂಡೋಕೇ ತುಂಬಾ ಹೊತ್ತು ಹಿಡಿಯುತ್ತಿತ್ತು. ಆಡುತ್ತಿರುವಾಗಲೇ ಲೆಕ್ಕ ಹಾಕುವ ಗ್ರಾಫಿಕ್ಸ್ ಕಾರ್ಡ್ (ಕಂಪ್ಯೂಟರ್‌ನಲ್ಲಿ ಚಿತ್ರ ಬಿಡಿಸುವ ಭಾಗ) ಅಂಗಡಿಗೆ ಬಂದದ್ದು 2018ರಲ್ಲಿ, ಎನ್ವಿಡಿಯಾದ ಆರ್‌ಟಿಎಕ್ಸ್ 20 ಸರಣಿಯ ಜೊತೆ.

ನನ್ನ ಅನಿಸಿಕೆ ಕೇಳಿದರೆ, ರಾತ್ರಿ, ಮಳೆ, ಗಾಜಿನ ಕಟ್ಟಡ ಇರುವ ನಿಧಾನದ ಗೇಮ್‌ಗಳಿಗೆ ಆನ್ ಮಾಡಿ. ಗುಂಡಿನ ಕಾಳಗದಲ್ಲಿ ಯಾರು ಕೊಚ್ಚೆ ನೀರಿನಲ್ಲಿ ಮುಖ ನೋಡಿಕೊಳ್ಳುತ್ತಾರೆ?

ಮೊಬೈಲ್‌ನಲ್ಲಿ ಚೆನ್ನಾಗಿ ಆಡೋರು ಗ್ರಾಫಿಕ್ಸ್ ‘ಸ್ಮೂತ್’ನಲ್ಲೇ ಇಟ್ಟಿರ್ತಾರಲ್ಲ, ಯಾಕೆ?

‘ಸ್ಮೂತ್’ ಅಂದರೆ ಗ್ರಾಫಿಕ್ಸ್ ತೀರಾ ಕಮ್ಮಿ ಇಡುವ ಸೆಟ್ಟಿಂಗ್. ಅಂದ ಕಮ್ಮಿ ಮಾಡಿದರೆ ಫೋನ್ ಸೆಕೆಂಡಿಗೆ ಹೆಚ್ಚು ಫ್ರೇಮ್, ಅಂದರೆ ಹೆಚ್ಚು ಚಿತ್ರ, ತೋರಿಸಬಲ್ಲದು. ಸೆಕೆಂಡಿಗೆ 30 ಫ್ರೇಮ್ ಅಂದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ 33 ಮಿಲಿಸೆಕೆಂಡ್ ಅಂತರ. 60 ಅಂದರೆ ಸುಮಾರು 17. ಬೆರಳು ಸರಿಸಿದ್ದು ಕಣ್ಣಿಗೆ ಅಷ್ಟು ಬೇಗ ಕಾಣುತ್ತದೆ. ಆಟದೊಳಗೆ ಮುಳುಗೋದಕ್ಕೆ ಹುಲ್ಲಿನ ಅಂದಕ್ಕಿಂತ ಇದು ಮುಖ್ಯ ಅಂತ ಅವರ ಬೆರಳಿಗೆ ಗೊತ್ತು.

ಹುಲ್ಲಿನ ಮಾತು ಬಂತಲ್ಲ. ದೂರದ ಹುಲ್ಲನ್ನು ಫೋನ್ ಎಷ್ಟೋ ಸಲ ಬಿಡಿಸುವುದೇ ಇಲ್ಲ, ಕೆಲಸ ಉಳಿಸೋಕೆ. ನೀವು ಹುಲ್ಲಿನೊಳಗೆ ಬಚ್ಚಿಟ್ಟುಕೊಂಡು ಉಸಿರು ಬಿಗಿ ಹಿಡಿದಿರುತ್ತೀರಿ. ದೂರದಿಂದ ನೋಡುವವನಿಗೆ ಬೋಳು ನೆಲದ ಮೇಲೆ ಬೋರಲು ಮಲಗಿದ ಮನುಷ್ಯ ಕಾಣುತ್ತಾನೆ. ಗ್ರಾಫಿಕ್ಸ್ ಒಬ್ಬೊಬ್ಬರಿಗೆ ಒಂದೊಂದು ಮಾತು ಹೇಳಿದರೆ ಹೀಗೇ ಆಗೋದು.

ಇನ್ನು ಏಪ್ರಿಲ್ ಬಿಸಿಲಿನಲ್ಲಿ ಎಲ್ಲ ಸೆಟ್ಟಿಂಗ್ಸ್ ಏರಿಸಿ, ಚಾರ್ಜ್‌ಗೂ ಹಾಕಿಕೊಂಡು ಆಡಿದರೆ ಫೋನ್ ಬಿಸಿಯಾಗಿ ತಾನೇ ವೇಗ ತಗ್ಗಿಸುತ್ತದೆ. ಅದು ನೆಟ್‌ವರ್ಕ್‌ನ ಲ್ಯಾಗ್ ಅಲ್ಲ, ಫೋನ್ ಸುಸ್ತಾಗಿರೋದು.

ಬಸ್, ಲಾರಿ ಗೇಮ್‌ಗಳು ಅಷ್ಟು ಚೆನ್ನಾಗಿ ಕಾಣಲ್ಲ. ಆದ್ರೂ ಯಾಕೆ ಗಂಟೆಗಟ್ಟಲೆ ಆಡ್ತಾರೆ?

ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾಕ್ಕೆ ನಮ್ಮ ಹುಡುಗರು ಕೆಂಪು ಕೆಎಸ್‌ಆರ್‌ಟಿಸಿ ಬಣ್ಣ ಹಾಕಿಕೊಂಡು ಓಡಿಸುವುದು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ನಮ್ಮೂರ ಬಸ್ಸು, ಅಷ್ಟೇ ಸಾಕು. ಉಳಿದರ್ಧ ಉತ್ತರ ಕೊಟ್ಟವರು ನಮ್ಮ ಕಟ್ಟಡದ ಹಿಂದಿನ ಮನೆಯವರು. ಮೂವತ್ತು ವರ್ಷ ಲಾರಿ ಓಡಿಸಿದವರು. ಮೊಮ್ಮಗನನ್ನು ಕರೆದುಕೊಂಡು ಹೋಗೋಕೆ ಬಂದವರನ್ನು ಸುಮ್ನೆ ತಮಾಷೆಗೆ ಸ್ಟೇರಿಂಗ್ ಮುಂದೆ ಕೂರಿಸಿದೆ. 2012ರ ಯೂರೋ ಟ್ರಕ್ ಸಿಮ್ಯುಲೇಟರ್ 2.

ಮೊದಲು ಖಾಲಿ ಟ್ರಕ್ ಕೊಟ್ಟೆ. ಐದು ನಿಮಿಷ ಓಡಿಸಿ, ‘ಇದು ಆಟದ ಸಾಮಾನು ಕಣಪ್ಪ’ ಅಂದರು. ಆಮೇಲೆ ಇಪ್ಪತ್ತು ಟನ್ ಲೋಡ್ ಹಾಕಿದೆ. ಏರು ಬಂತು. ಸ್ಕ್ರೀನಿನ ಮೀಟರ್ ಕಡೆ ಅವರು ನೋಡಲೇ ಇಲ್ಲ. ತಲೆ ಸ್ವಲ್ಪ ಓರೆ ಮಾಡಿ ಎಂಜಿನ್ ಸದ್ದು ಕೇಳಿಸಿಕೊಂಡರು. ಸದ್ದು ಕುಗ್ಗುತ್ತಿದ್ದಂತೆ ಒಂದು ಗೇರ್ ಇಳಿಸಿದರು, ಮತ್ತೊಂದು ಇಳಿಸಿದರು. ಇಳಿಜಾರಿನಲ್ಲಿ ಲೋಡ್ ಹಿಂದಿನಿಂದ ತಳ್ಳಿದಾಗ ಎರಡೂ ಕಾಲು ಮುಂದಕ್ಕೆ ಒತ್ತಿ ಹಿಡಿದು ಕೂತರು. ತಿರುವು ಮುಗಿದ ಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಫ್ಯಾನ್ ಓಡುತ್ತಿತ್ತು.

ಮರಗಳು ಹೇಗಿದ್ದವು ಅಂತ ಅವರನ್ನು ಕೇಳಿದೆ. ‘ಮರ ಎಲ್ಲಿತ್ತು?’ ಅಂದರು.

ಮನುಷ್ಯರ ಮುಖ ನಿಜದ ಥರ ಮಾಡಿದಷ್ಟೂ ಭಯ ಆಗುತ್ತಲ್ಲ?

ಜಪಾನಿನ ರೋಬೋ ತಜ್ಞ ಮಸಾಹಿರೊ ಮೋರಿ 1970ರಲ್ಲೇ ಇದನ್ನು ರೋಬೋಗಳ ಬಗ್ಗೆ ಹೇಳಿದ್ದರು. ಮನುಷ್ಯನಿಗೆ ಹತ್ತಿರವಾದಷ್ಟೂ ಇಷ್ಟವಾಗುತ್ತದೆ, ಆದರೆ ಇನ್ನೇನು ಮನುಷ್ಯನೇ ಅನ್ನುವಾಗ ಇಷ್ಟ ದಿಢೀರನೆ ಕುಸಿದು ಹೇಸಿಗೆಯಾಗುತ್ತದೆ ಅಂತ. ದಸರಾ ಗೊಂಬೆ ನೋಡಿ ಯಾರೂ ಹೆದರುವುದಿಲ್ಲ. ರಾತ್ರಿ ಬಾಗಿಲು ಹಾಕಿದ ಮೇಲೆ ಸೀರೆ ಅಂಗಡಿ ಗಾಜಿನೊಳಗೆ ನಿಂತ ಗೊಂಬೆ ನೋಡಿ. ಚರ್ಮ, ರೆಪ್ಪೆ ಎಲ್ಲ ಸರಿ ಇದ್ದು, ಮಾತಾಡುವಾಗ ಕಣ್ಣಿನ ಸುತ್ತ ಏನೂ ಅಲುಗಾಡದಿದ್ದರೆ ಅದೇ ಗೊಂಬೆ ಗೇಮ್‌ನಲ್ಲಿ ಬಂದ ಹಾಗೆ.

ಮೋಷನ್ ಬ್ಲರ್, ಫಿಲ್ಮ್ ಗ್ರೇನ್, ಲೆನ್ಸ್ ಫ್ಲೇರ್ ಇಡಬೇಕಾ ತೆಗೀಬೇಕಾ?

ನಾನು ತೆಗೆಯುತ್ತೇನೆ. ಮೋಷನ್ ಬ್ಲರ್ ಅಂದರೆ ಓಡುವಾಗ ಚಿತ್ರ ಮಸುಕಾಗೋದು, ಫಿಲ್ಮ್ ಗ್ರೇನ್ ಅಂದರೆ ಹಳೇ ಸಿನಿಮಾದ ಚುಕ್ಕಿ ಚುಕ್ಕಿ, ಲೆನ್ಸ್ ಫ್ಲೇರ್ ಅಂದರೆ ಬೆಳಕಿಗೆ ಲೆನ್ಸ್ ಮೇಲೆ ಮೂಡುವ ಹೊಳಪು. ಇವೆಲ್ಲ ಕ್ಯಾಮೆರಾದ ದೋಷಗಳು, ಕಣ್ಣಿನದಲ್ಲ. ಹೀರೋ ಕಣ್ಣಿನಿಂದಲೇ ನೋಡುವ ಗೇಮ್‌ನಲ್ಲಿ ಮಳೆ ಹನಿ ಗಾಜಿನ ಮೇಲೆ ಇಳಿದರೆ, ಇವನೇನು ಕನ್ನಡಕ ಹಾಕಿದ್ದಾನಾ ಅನ್ನಿಸುತ್ತದೆ. ರೇಸಿಂಗ್‌ನಲ್ಲಿ ಸ್ವಲ್ಪ ಬ್ಲರ್ ಪರವಾಗಿಲ್ಲ.

ಫಿಸಿಕ್ಸ್ ಕೈಕೊಟ್ಟು ಕಾರು ಆಕಾಶಕ್ಕೆ ಹಾರಿದ್ರೆ ಮಜಾ ಬರುತ್ತಲ್ಲ?

ಬರುತ್ತದೆ. 2008ರ ಜಿಟಿಎ 4ರಲ್ಲಿ ಪಾರ್ಕಿನ ಜೋಕಾಲಿಗೆ ಕಾರು ಸಿಕ್ಕಿಸಿದರೆ ಕವಣೆ ಕಲ್ಲಿನ ಹಾಗೆ ಎಲ್ಲಿಗೋ ಎಸೆಯುತ್ತಿತ್ತು. ಕಥೆ ಬಿಟ್ಟು ಅದನ್ನೇ ಆಡುತ್ತಿದ್ದರು. ಎರಡು ವಸ್ತು ಒಂದರೊಳಗೊಂದು ತೂರಿಕೊಂಡಾಗ ಗಾಬರಿಯಾದ ಲೆಕ್ಕ ಅವನ್ನು ಜೋರಾಗಿ ಬಿಡಿಸುತ್ತದೆ, ಅದರ ಫಲ ಇದು. ಆಗ ನೀವು ಕಥೆಯಿಂದ ಆಚೆ ಬಂದು ಲೆಕ್ಕದ ಜೊತೆ ಆಡುತ್ತಿರುತ್ತೀರಿ. ಗದೆ ಉರುಳಿದ ರಾತ್ರಿ ನಾವೂ ಅದನ್ನೇ ಮಾಡಿದ್ದು.

ವಿಆರ್ ಹಾಕಿದ್ರೆ ತಲೆ ಸುತ್ತುತ್ತೆ. ಗ್ರಾಫಿಕ್ಸ್ ಸರಿಯಿಲ್ವಾ?

ವಿಆರ್ ಅಂದರೆ ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್, ಸುತ್ತಲೂ ಗೇಮ್ ಮಾತ್ರ ಕಾಣುತ್ತದೆ. ದೇವರಾಯನದುರ್ಗದ ತಿರುವುಗಳಲ್ಲಿ ಹಿಂದಿನ ಸೀಟಿನಲ್ಲಿ ಫೋನ್ ನೋಡುತ್ತಾ ಕೂತರೆ ವಾಂತಿ ಬರುತ್ತದಲ್ಲ, ಅದನ್ನೇ ತಿರುಗಿಸಿ ನೋಡಿ. ಬಸ್ಸಿನಲ್ಲಿ ಕಿವಿಯೊಳಗಿನ ಸಮತೋಲನದ ಅಂಗ ‘ಅಲುಗಾಡುತ್ತಿದ್ದೇವೆ’ ಅನ್ನುತ್ತದೆ, ಕಣ್ಣು ಇಲ್ಲ ಅನ್ನುತ್ತದೆ. ವಿಆರ್‌ನಲ್ಲಿ ಕಣ್ಣು ಓಡುತ್ತಿದ್ದೇವೆ ಅನ್ನುತ್ತದೆ, ಕಿವಿ ಕೂತಿದ್ದೇವೆ ಅನ್ನುತ್ತದೆ. ಚಿತ್ರ ನಿಜದಂತಿದ್ದಷ್ಟೂ ಜಗಳ ಜಾಸ್ತಿ. 2016ರಲ್ಲಿ ಬಂದ ರಿಫ್ಟ್, ವೈವ್ ಹೆಡ್‌ಸೆಟ್‌ಗಳು ಸೆಕೆಂಡಿಗೆ 90 ಸಲ ಚಿತ್ರ ಬದಲಿಸುತ್ತಿದ್ದದ್ದು, ತಲೆ ತಿರುಗಿಸಿದಾಗ ಚಿತ್ರ ಹಿಂದೆ ಬೀಳಬಾರದು ಅಂತ. ಶುರುವಿನಲ್ಲಿ ನಿಂತಲ್ಲೇ ಆಡುವ ಗೇಮ್ ಹಾಕಿ. ಊಟ ಆದ ತಕ್ಷಣ ಬೇಡ.

ಮಗ ಅರವತ್ತು ಸಾವಿರದ ಕಾರ್ಡ್ ಬೇಕು ಅಂತಾನೆ. ಕೊಡಿಸ್ಬೇಕಾ?

ಸರ್, ಮೊದಲು ಒಂದು ಒಳ್ಳೆ ಹೆಡ್‌ಫೋನ್ ಕೊಡಿಸಿ. ತಬಲಾದವರ ಕಥೆ ಮೇಲೆ ಇದೆ, ಓದಿ. ಆಮೇಲೂ ಕೇಳಿದರೆ, ಅವನು ಯಾವ ಗೇಮ್ ಆಡುತ್ತಾನೆ ಅಂತ ನೋಡಿ ಮಾತಾಡೋಣ.

ನಾವು ಪ್ರಾಜೆಕ್ಟ್‌ಗೆ ಲಗೋರಿ ಗೇಮ್ ಮಾಡ್ತಿದ್ದೀವಿ. ಮೊದಲು ಏನು ಸರಿ ಮಾಡ್ಬೇಕು?

ಇಬ್ಬರು ಹುಡುಗರು ಇದನ್ನು ನಮ್ಮ ಸೆಂಟರ್‌ನಲ್ಲೇ ಕೂತು ಮಾಡಿದರು, ಗೇಮ್ ಕಟ್ಟುವ ಯೂನಿಟಿ ಸಾಫ್ಟ್‌ವೇರ್‌ನಲ್ಲಿ. ಅವರು ಬಿದ್ದ ಗುಂಡಿಗಳನ್ನೇ ಹೇಳುತ್ತೇನೆ.

ಅವರ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿದ್ದ ಚೆಂಡು ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ನಮ್ಮ 144 ಹರ್ಟ್ಜ್ ಮಾನಿಟರ್‌ನಲ್ಲಿ ಗುಂಡಿನ ಹಾಗೆ ಹೋಯಿತು. ಪ್ರತಿ ಫ್ರೇಮಿಗೆ ಇಷ್ಟು ದೂರ ಅಂತ ಬರೆದಿದ್ದರು. 60 ಫ್ರೇಮ್ ಇದ್ದದ್ದು 144 ಆದಾಗ ವೇಗ ಎರಡೂವರೆ ಪಟ್ಟು ಹತ್ತಿರ ಹೋಯಿತು. ಫಿಸಿಕ್ಸ್ ಲೆಕ್ಕವನ್ನು ಚಿತ್ರದಿಂದ ಬೇರೆ ಮಾಡಿ, ಸೆಕೆಂಡಿಗೆ 50 ಸಲ ಅಂತ ಕಟ್ಟಿಹಾಕಿದ ಮೇಲೆ ಸರಿಹೋಯಿತು.

ಆಮೇಲೆ ಕಲ್ಲುಗಳು. ಏಳು ಕಲ್ಲು ಪೇರಿಸಿಟ್ಟರೆ ಯಾರೂ ಮುಟ್ಟದೆಯೇ ನಡುಗುತ್ತಿದ್ದವು, ಚಳಿ ಜ್ವರ ಬಂದವರ ಹಾಗೆ. ಒಂದರ ಮೇಲೊಂದು ಇಟ್ಟ ವಸ್ತುಗಳನ್ನು ಸುಮ್ಮನೆ ನಿಲ್ಲಿಸುವುದೇ ಫಿಸಿಕ್ಸ್ ಎಂಜಿನ್‌ಗೆ ಕಷ್ಟದ ಕೆಲಸ. ಪ್ರತಿ ಕಲ್ಲೂ ಕೆಳಗಿನದಕ್ಕೆ ಕೂದಲೆಳೆಯಷ್ಟು ತೂರುತ್ತದೆ, ಲೆಕ್ಕ ಅದನ್ನು ಮೇಲಕ್ಕೆ ತಳ್ಳುತ್ತದೆ, ಮತ್ತೆ ತೂರುತ್ತದೆ. ಅಲುಗಾಟ ಇಷ್ಟಕ್ಕಿಂತ ಕಮ್ಮಿ ಇದ್ದರೆ ಕಲ್ಲನ್ನು ‘ಮಲಗಿಸು’, ಚೆಂಡು ತಾಗಿದರೆ ಎಬ್ಬಿಸು ಅನ್ನುವ ಸೌಲಭ್ಯ ಇದೆ. ಅದನ್ನು ಸರಿಯಾಗಿ ಹೊಂದಿಸೋಕೆ ಒಂದು ವಾರ ಹೋಯಿತು. ಕಲ್ಲು ಕಲ್ಲಿಗೆ ತಾಗಿ ರಬ್ಬರ್‌ನಂತೆ ಪುಟಿಯುತ್ತಿತ್ತು. ಪುಟಿಯುವುದನ್ನು ಸೊನ್ನೆಗೆ ಇಳಿಸಿ, ತಿಕ್ಕಾಟ ಏರಿಸಿದರು. ಹಿಂದಿನ ಖಾಲಿ ಸೈಟಿನಿಂದ ಚಪ್ಪಟೆ ಕಲ್ಲು ತಂದು, ಮೆಟ್ಟಿಲ ಮೇಲೆ ಕೂತು ಒಂದಕ್ಕೊಂದು ಕುಟ್ಟಿ ಫೋನಿನಲ್ಲಿ ಸದ್ದು ಹಿಡಿದರು.

ಇಷ್ಟೆಲ್ಲ ಆಗುವಾಗ ಬಣ್ಣ ಬಳಿಯೋಕೆ ಟೈಮ್ ಉಳಿಯಲಿಲ್ಲ. ಕಲ್ಲುಗಳು ಬೂದಿ ಬಣ್ಣದ ಬಿಲ್ಲೆಗಳು, ನೆಲ ಬೂದಿ ಬಣ್ಣದ ಹಲಗೆ, ಆಕಾಶ ಇಲ್ಲವೇ ಇಲ್ಲ.

ಅಣ್ಣನನ್ನು ಹುಡುಕಿಕೊಂಡು ಅಪ್ಪನ ಜೊತೆ ಬಂದಿದ್ದ ಏಳೆಂಟು ವರ್ಷದ ಹುಡುಗಿಯನ್ನು ಅದರ ಮುಂದೆ ಕೂರಿಸಿ ಹೆಡ್‌ಫೋನ್ ಹಾಕಿದರು. ಎರಡನೇ ಎಸೆತಕ್ಕೆ ಕಲ್ಲುಗಳು ಉರುಳಿದವು. ಅವಳು ಮೌಸ್ ಹಿಡಿದು ಒಂದೊಂದೇ ಪೇರಿಸತೊಡಗಿದಳು. ಹೆಡ್‌ಫೋನಿನಲ್ಲಿ ಹಿಂದಿನಿಂದ ಚೆಂಡು ನೆಲಕ್ಕೆ ಬಡಿಯುವ ಸದ್ದು ಬಂತು, ಇನ್ನೊಂದು ಸಲ, ಸ್ವಲ್ಪ ಹತ್ತಿರ. ಐದನೇ ಕಲ್ಲು ಕೈಯಲ್ಲಿದ್ದ ಹಾಗೇ ಅವಳು ಬೆನ್ನು ಬಗ್ಗಿಸಿ, ತಿರುಗಿ ಕುರ್ಚಿಯ ಹಿಂದೆ ನೋಡಿದಳು. ಹಿಂದೆ ಅವರಪ್ಪ ಸ್ಕೂಟರ್ ಕೀ ಹಿಡಿದು ನಿಂತಿದ್ದರು.